ಹೊರಗಿನವರೆಂದು ಜರೆಯಲ್ಪಟ್ಟವರೇ ಹಕ್ಕು ಗಳಿಸಿಕೊಟ್ಟರು

ವಲಸಿಗರು ಬಂದರೆ ಸ್ಥಳೀಯ ಕಾರ್ಮಿಕರ ಕೂಲಿ ಇಳಿಯುತ್ತದೆ, ಅವರ ಸಂಘಟನೆ ಮುರಿಯುತ್ತದೆ, ನಾಡಿನ ಶಾಂತಿ ಕದಡುತ್ತದೆ. ಅಮೇರಿಕದ ರಾಜಕೀಯ ವೇದಿಕೆಗಳಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಕೇಳಿಬರುತ್ತಿರುವ ಮಾತಿದು. ಹೇಳುವವರು ಬದಲಾಗಿದ್ದಾರೆ. ಯಾರ ಕಡೆಗೆ ಬೊಟ್ಟು ಮಾಡಲಾಯಿತೋ ಅವರೂ ಬದಲಾಗಿದ್ದಾರೆ. ಮೊದಲು ಚೀನೀಯರು, ಆ ಬಳಿಕ ಇಟೆಲಿಯವರು ಮತ್ತು ಪೂರ್ವ ಯುರೋಪಿನ ಯಹೂದಿಗಳು, ಅನಂತರ ಫಿಲಿಪ್ಪೀನ್ಸ್‌ನವರು, ಮೆಕ್ಸಿಕನ್ನರು, ಅರಬರು. ಆರೋಪ ಮಾತ್ರ ಒಂದಿಷ್ಟೂ ಬದಲಾಗಿಲ್ಲ. ಇತಿಹಾಸದ ಪುಟಗಳನ್ನು ತೆರೆದವರಿಗೆ ಕಾಣುವುದಾದರೋ ಇದಕ್ಕೆ ತೀರಾ ವಿರುದ್ಧವಾದ ಚಿತ್ರ. ಅಮೇರಿಕದ ಕಾರ್ಮಿಕರು ಇಪ್ಪತ್ತನೆಯ ಶತಮಾನದಲ್ಲಿ ಗಳಿಸಿಕೊಂಡ ಹಕ್ಕುಗಳಲ್ಲಿ ಅನೇಕವನ್ನು ಇಂಗ್ಲಿಷ್ ಸರಿಯಾಗಿ ಬಾರದ, ಪೌರತ್ವವಿಲ್ಲದ, ಬಂದರಿನಲ್ಲಿ ಇಳಿದು ಕೆಲವೇ ವರ್ಷಗಳಾಗಿದ್ದ ಜನರು ಹೋರಾಡಿ ಪಡೆದರು. ಅವರನ್ನು ಹೊರಗಿನವರೆಂದು ಜರೆಯುವುದು ಮಾಲಕರಿಗೆ ಲಾಭದ ವ್ಯವಹಾರವಾಗಿತ್ತು. ಕಾರ್ಮಿಕ ಸಂಘಗಳು ಆ ಮಾತನ್ನು ನಂಬಿದಾಗಲೆಲ್ಲ ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಂಡವು.

ನಮ್ಮಲ್ಲಿ ಅಮೇರಿಕದ ಬಗ್ಗೆ ಮಾತೆತ್ತಿದರೆ ನೆನಪಾಗುವುದು ಇರಾಕ್, ಅಫ್ಘಾನಿಸ್ತಾನ್, ಗ್ವಾಂಟನಾಮೊ. ಅದು ಸಹಜವೂ ಹೌದು. ಆದರೆ ಅದೇ ದೇಶದ ಗಿರಣಿಗಳಲ್ಲಿ, ಹಡಗುಕಟ್ಟೆಗಳಲ್ಲಿ, ದ್ರಾಕ್ಷಿ ತೋಟಗಳಲ್ಲಿ ಆಳುವವರ ವಿರುದ್ಧ ಸೆಟೆದು ನಿಂತವರ ಇನ್ನೊಂದು ಅಮೇರಿಕವೂ ಇದೆ. ಅದರ ಪರಿಚಯ ನಮಗಿಲ್ಲ. ಸ್ವತಃ ಅಮೇರಿಕನ್ನರಿಗೂ ಅದನ್ನು ಸರಿಯಾಗಿ ಪರಿಚಯಿಸಲಾಗಿಲ್ಲ.

1909ರ ನವೆಂಬರ್ 22ರಂದು ನ್ಯೂಯಾರ್ಕಿನ ಕೂಪರ್ ಯೂನಿಯನ್ ಸಭಾಂಗಣದಲ್ಲಿ ಉಡುಪು ತಯಾರಿಕೆಯ ಕಾರ್ಮಿಕರ ಸಭೆ ನಡೆಯುತ್ತಿತ್ತು. ವೇದಿಕೆಯಲ್ಲಿದ್ದ ಗಣ್ಯರು ಗಂಟೆಗಟ್ಟಲೆ ಭಾಷಣ ಮಾಡಿದರು. ಎಲ್ಲರೂ ತಾಳ್ಮೆಯ ಉಪದೇಶ ನೀಡಿದರೇ ಹೊರತು ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಆಗ ಸಭೆಯ ನಡುವಿನಿಂದ ಎದ್ದು ಬಂದವಳು ಉಕ್ರೇನಿನಲ್ಲಿ ಹುಟ್ಟಿ ಹದಿಹರೆಯದಲ್ಲಿ ವಲಸೆ ಬಂದಿದ್ದ ಕ್ಲಾರಾ ಲೆಮ್ಲಿಚ್ ಎಂಬ ಯಹೂದಿ ಯುವತಿ. ಮುಷ್ಕರದ ಕಾರಣಕ್ಕೆ ಮಾಲಕರ ಗೂಂಡಾಗಳು ಅದೇ ವರ್ಷ ಅವಳ ಪಕ್ಕೆಲುಬು ಮುರಿದಿದ್ದರು. ಅವಳು ಯಿದ್ದಿಷ್ ಭಾಷೆಯಲ್ಲಿ ಕೆಲವೇ ಮಾತುಗಳನ್ನಾಡಿ, ಸಾರ್ವತ್ರಿಕ ಮುಷ್ಕರ ಹೂಡೋಣವೆಂಬ ಠರಾವು ಮಂಡಿಸಿದಳು. ಸಭೆ ಅದನ್ನು ಒಕ್ಕೊರಲಿನಿಂದ ಅಂಗೀಕರಿಸಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಹೊಲಿಗೆ ಯಂತ್ರ ಬಿಟ್ಟು ಬೀದಿಗಿಳಿದರು. ಅವರಲ್ಲಿ ಹೆಚ್ಚಿನವರು ಯಹೂದಿ ಮತ್ತು ಇಟೆಲಿಯನ್ ಮೂಲದ ಹುಡುಗಿಯರು. ಚಳಿಗಾಲದ ಹಿಮದಲ್ಲಿ ನಿಂತು ಪೊಲೀಸರ ಲಾಠಿಯೇಟು ತಿಂದರು, ಜೈಲು ಕಂಡರು. ಕೊನೆಗೆ ನೂರಾರು ಕಾರ್ಖಾನೆಗಳು ಸಂಘದೊಂದಿಗೆ ಒಪ್ಪಂದ ಮಾಡಿಕೊಂಡವು.

ಒಪ್ಪಂದಕ್ಕೆ ಸಹಿ ಹಾಕದೆ ಉಳಿದ ಕಂಪೆನಿಗಳಲ್ಲಿ ಟ್ರಯಾಂಗಲ್ ಒಂದು. 1911ರ ಮಾರ್ಚ್ 25ರಂದು ಅಲ್ಲಿ ಬೆಂಕಿ ಹತ್ತಿಕೊಂಡಾಗ ಒಂಬತ್ತನೆಯ ಮಾಳಿಗೆಯ ಬಾಗಿಲಿಗೆ ಬೀಗ ಬಿದ್ದಿತ್ತು. 146 ಮಂದಿ ಸತ್ತರು. ಅನೇಕರು ಕಿಟಕಿಯಿಂದ ಹಾರಿ ರಸ್ತೆಗೆ ಬಿದ್ದು ಪ್ರಾಣ ಬಿಟ್ಟರು. ಸತ್ತವರಲ್ಲಿ ಬಹುಪಾಲು ವಲಸೆ ಬಂದ ಎಳೆಯ ಹೆಣ್ಣುಮಕ್ಕಳು. ಸರಿಯಾದ ಅಗ್ನಿ ನಿರ್ಗಮನ ಮತ್ತು ಬೀಗವಿಲ್ಲದ ಬಾಗಿಲು ಮುಷ್ಕರದ ಸಂದರ್ಭದಲ್ಲೇ ಕೇಳಿಬಂದಿದ್ದ ಬೇಡಿಕೆಗಳಾಗಿದ್ದವು.

ಇಲ್ಲಿ ಓದುಗರು ಗಮನಿಸಬೇಕಾದ ಒಂದು ಸಂಗತಿಯಿದೆ. ಟ್ರಯಾಂಗಲ್‌ನ ಮಾಲಕರಾದ ಮ್ಯಾಕ್ಸ್ ಬ್ಲಾಂಕ್ ಮತ್ತು ಐಸಾಕ್ ಹ್ಯಾರಿಸ್ ಯಾರು? ಅವರೂ ರಷ್ಯಾದಿಂದ ವಲಸೆ ಬಂದ ಯಹೂದಿಗಳೇ. ಅವರೂ ಒಂದು ಕಾಲದಲ್ಲಿ ಬರಿಗೈಯಲ್ಲಿ ಬಂದು ಉಡುಪಿನ ಕಸುಬಿನಲ್ಲಿ ಕೆಳಗಿನಿಂದ ಮೇಲೇರಿದವರೇ. ತಮ್ಮದೇ ಸಮುದಾಯದ, ತಮ್ಮದೇ ಭಾಷೆಯ ಹುಡುಗಿಯರಿರುವ ಕೋಣೆಗೆ ಬೀಗ ಹಾಕಿಸಲು ಅವರಿಗೆ ಮನಸ್ಸು ಬಂತು. ಕಾರಣ, ಹುಡುಗಿಯರು ಬಟ್ಟೆ ಕದ್ದೊಯ್ಯುವರೆಂಬ ಗುಮಾನಿ. ನಮ್ಮವರ ಅಂಗಡಿ, ನಮ್ಮವರ ಫ್ಯಾಕ್ಟರಿ, ಆದ್ದರಿಂದ ಕೂಲಿಯ ಲೆಕ್ಕ ಕೇಳಬಾರದು ಎಂಬ ತರ್ಕ ಎಲ್ಲ ಸಮುದಾಯಗಳಲ್ಲೂ ಇದೆ. ನಮ್ಮಲ್ಲಿ ಇಲ್ಲವೆಂದು ಎದೆ ತಟ್ಟಿ ಹೇಳುವ ಧೈರ್ಯ ಯಾರಿಗಿದೆ? ಅಂದು ನ್ಯಾಯಾಲಯವು ಆ ಇಬ್ಬರನ್ನೂ ನರಹತ್ಯೆಯ ಆರೋಪದಿಂದ ಖುಲಾಸೆಗೊಳಿಸಿತು. 1914ರಲ್ಲಿ ಸಿವಿಲ್ ದಾವೆಗಳು ಇತ್ಯರ್ಥವಾದಾಗ ಮೃತರ ಕುಟುಂಬಗಳಿಗೆ ಸಿಕ್ಕಿದ್ದು ಜೀವವೊಂದಕ್ಕೆ 75 ಡಾಲರ್. ಆದರೆ ಬೀದಿಯಲ್ಲಿ ಹೊತ್ತಿಕೊಂಡ ಆಕ್ರೋಶ ಆರಲಿಲ್ಲ. ನ್ಯೂಯಾರ್ಕ್ ರಾಜ್ಯವು ಕಾರ್ಖಾನೆಗಳ ತನಿಖೆಗೆ ಆಯೋಗ ನೇಮಿಸಿತು, ಅದರ ಶಿಫಾರಸಿನಂತೆ ಸುರಕ್ಷೆಯ ಹತ್ತು ಹಲವು ಕಾನೂನುಗಳು ಬಂದವು. ಆ ದಿನ ಬೆಂಕಿಯನ್ನು ಕಣ್ಣಾರೆ ಕಂಡಿದ್ದ ಫ್ರಾನ್ಸಿಸ್ ಪರ್ಕಿನ್ಸ್ 1933ರಲ್ಲಿ ಅಮೇರಿಕದ ಕಾರ್ಮಿಕ ಸಚಿವೆಯಾದರು. ಇಂದು ಅಮೇರಿಕದ ಯಾವುದೇ ಕಟ್ಟಡದಲ್ಲಿ ಹೊರಕ್ಕೆ ತೆರೆಯುವ ಬಾಗಿಲನ್ನು ಕಂಡವರು ಅದರ ಬೆಲೆ ತೆತ್ತವರು ಯಾರೆಂದು ಕೇಳಿಕೊಳ್ಳುವುದಿಲ್ಲ.

ಇನ್ನು ಮ್ಯಾಸಚುಸೆಟ್ಸ್ ರಾಜ್ಯದ ಲಾರೆನ್ಸ್ ಎಂಬ ಗಿರಣಿ ಪಟ್ಟಣದ ಕಥೆ. ಇದನ್ನು ನಾವು ಸ್ವಲ್ಪ ವಿವರವಾಗಿಯೇ ಹೇಳಬಯಸುತ್ತೇವೆ, ಏಕೆಂದರೆ ಇದರಲ್ಲಿ ನಮ್ಮ ಓದುಗರಿಗೆ ಅಪರಿಚಿತವಲ್ಲದ ಒಂದು ತಂತ್ರವಿದೆ. 1912ರ ಜನವರಿಯಲ್ಲಿ ಮಹಿಳೆಯರ ಮತ್ತು ಮಕ್ಕಳ ದುಡಿಮೆಯ ಅವಧಿಯನ್ನು ವಾರಕ್ಕೆ 56 ಗಂಟೆಗಳಿಂದ 54ಕ್ಕೆ ಇಳಿಸುವ ಕಾನೂನು ಜಾರಿಗೆ ಬಂತು. ಗಿರಣಿ ಮಾಲಕರು ಎರಡು ಗಂಟೆಗಳ ಕೂಲಿಯನ್ನು ಮರುಮಾತಿಲ್ಲದೆ ಕತ್ತರಿಸಿದರು. ವಾರಕ್ಕೆ ಒಂಬತ್ತು ಡಾಲರೂ ಸಿಗದವರಿಗೆ ಮೂವತ್ತು ಚಿಲ್ಲರೆ ಸೆಂಟ್ ಎಂದರೆ ಕೆಲವು ದಿನಗಳ ರೊಟ್ಟಿ. ಜನವರಿ 11ರಂದು ಸಂಬಳದ ಲಕೋಟೆ ತೆರೆದ ಪೋಲೆಂಡ್ ಮೂಲದ ಮಹಿಳೆಯರು ಮಗ್ಗ ನಿಲ್ಲಿಸಿ ಹೊರಬಂದರು. ಕೆಲವೇ ದಿನಗಳಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಜನ ಹೊರಗಿದ್ದರು.

ಇಟೆಲಿಯನ್ನರು, ಪೋಲರು, ಲಿಥುವೇನಿಯನ್ನರು, ಸಿರಿಯನ್ನರು, ಪೋರ್ಚುಗೀಸರು, ಆರ್ಮೇನಿಯನ್ನರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಇಂಥವರನ್ನು ಒಟ್ಟುಗೂಡಿಸುವುದು ಅಸಾಧ್ಯವೆಂದು ಅಮೇರಿಕದ ಪ್ರಮುಖ ಕಾರ್ಮಿಕ ಒಕ್ಕೂಟವಾದ ಅಮೇರಿಕನ್ ಫೆಡರೇಶನ್ ಆಫ್ ಲೇಬರ್ ಕೈಚೆಲ್ಲಿ ಕೂತಿತ್ತು. ಅದರ ಜವಳಿ ಸಂಘದ ನಾಯಕರಂತೂ ಮುಷ್ಕರವನ್ನೇ ವಿರೋಧಿಸಿದರು. ಆದರೆ ಐಡಬ್ಲ್ಯೂಡಬ್ಲ್ಯೂ ಎಂಬ ಇನ್ನೊಂದು ಸಂಘಟನೆಯು ಪ್ರತಿಯೊಂದು ಭಾಷೆಯವರಿಗೂ ಮುಷ್ಕರ ಸಮಿತಿಯಲ್ಲಿ ಪ್ರತಿನಿಧಿಗಳನ್ನು ಕೊಟ್ಟಿತು, ಪ್ರತಿಯೊಂದು ಭಾಷಣವನ್ನೂ ಅನುವಾದಿಸಿತು. ಒಗ್ಗಟ್ಟಿಗೆ ಭಾಷೆ ಅಡ್ಡಿಯಾಗಲಿಲ್ಲ. ಅಡ್ಡಿಯಾಗುತ್ತದೆಂದು ಹೇಳುತ್ತಿದ್ದವರಿಗೆ ಅನುವಾದಕರನ್ನು ಕರೆಯುವ ಮನಸ್ಸಿರಲಿಲ್ಲ, ಅಷ್ಟೇ.

ಜನವರಿ 20ರಂದು ಪಟ್ಟಣದ ಮೂರು ಕಡೆ ಡೈನಮೈಟ್ ಪತ್ತೆಯಾಯಿತು. ಅವುಗಳಲ್ಲೊಂದು ಸಿರಿಯನ್ನರು ವಾಸಿಸುವ ಭಾಗದಲ್ಲಿ. ಕೂಡಲೇ ಬಂಧನಗಳು ನಡೆದವು. ವಿದೇಶೀಯರು ಊರನ್ನೇ ಸ್ಫೋಟಿಸಲು ಹೊರಟಿದ್ದಾರೆಂದು ಪತ್ರಿಕೆಗಳು ಬೊಬ್ಬಿಟ್ಟವು. ಸತ್ಯ ಹೊರಬಂದಾಗ ಕಂಡದ್ದೇನು? ಡೈನಮೈಟ್ ಇಟ್ಟವನು ಜಾನ್ ಬ್ರೀನ್. ಶವಪೆಟ್ಟಿಗೆ ವ್ಯಾಪಾರಿ, ಊರಿನ ಶಾಲಾ ಸಮಿತಿಯ ಸದಸ್ಯ, ಗೌರವಾನ್ವಿತ ನಾಗರಿಕ. ಮುಷ್ಕರಕ್ಕೆ ಮಸಿ ಬಳಿಯುವುದು ಅವನ ಉದ್ದೇಶವಾಗಿತ್ತು. ಅವನಿಗೆ ವಿಧಿಸಿದ್ದು 500 ಡಾಲರ್ ದಂಡ! ಅತಿದೊಡ್ಡ ಗಿರಣಿ ಕಂಪೆನಿಯ ಅಧ್ಯಕ್ಷ ವಿಲಿಯಂ ವುಡ್‌ನ ಮೇಲೂ ಪಿತೂರಿಯ ಮೊಕದ್ದಮೆ ಹೂಡಲಾಯಿತಾದರೂ ಆತ ಖುಲಾಸೆಗೊಂಡ. ಅಂದಹಾಗೆ ಈ ವುಡ್‌ನ ತಂದೆ ಪೋರ್ಚುಗೀಸ್ ವಲಸಿಗ. ಸ್ಫೋಟಕವನ್ನು ಒಬ್ಬನು ಇಡುವುದು, ಹೆಸರಿನಿಂದ ಮತ್ತು ವಾಸದ ಬೀದಿಯಿಂದ ಗುರುತಿಸಲ್ಪಡುವ ಇನ್ನೊಬ್ಬನು ಸೆರೆಯಾಗುವುದು, ಮಾಧ್ಯಮಗಳು ತೀರ್ಪು ಕೊಟ್ಟು ಮುಗಿಸಿದ ಮೇಲೆ ಸತ್ಯ ಕುಂಟುತ್ತಾ ಬರುವುದು. ಇದನ್ನು ನಾವು ಹೆಚ್ಚು ವಿವರಿಸಬೇಕಾಗಿಲ್ಲ.

ಜನವರಿ 29ರಂದು ಅನ್ನಾ ಲೊಪಿಝೊ ಎಂಬ ಮಹಿಳೆ ಗುಂಡೇಟಿಗೆ ಬಲಿಯಾದಳು. ಮರುದಿನ ಜಾನ್ ರಾಮಿ ಎಂಬ ಹದಿಹರೆಯದ ಸಿರಿಯನ್ ಹುಡುಗನನ್ನು ಸೈನಿಕನೊಬ್ಬ ಬಂದೂಕಿನ ಬಾಯೊನೆಟ್‌ನಿಂದ ಇರಿದು ಕೊಂದ. ಲೊಪಿಝೊಳ ಕೊಲೆಗೆ ಆರೋಪಿಗಳಾಗಿ ಬಂಧಿತರಾದವರು ಮುಷ್ಕರದ ನಾಯಕರಾದ ಜೋಸೆಫ್ ಎಟರ್ ಮತ್ತು ಅರ್ತುರೊ ಜೊವಾನ್ನಿಟ್ಟಿ. ಗುಂಡು ಹಾರಿದಾಗ ಅವರಿಬ್ಬರೂ ಮೈಲುಗಳಾಚೆ ಇದ್ದರು. ಆದರೂ ವರ್ಷದ ಕೊನೆಯವರೆಗೆ ಜೈಲಿನಲ್ಲಿ ಕೊಳೆಯಬೇಕಾಯಿತು. ನವೆಂಬರ್‌ನಲ್ಲಷ್ಟೇ ಅವರು ನಿರ್ದೋಷಿಗಳೆಂದು ತೀರ್ಪು ಬಂತು. ಈ ನಡುವೆ ಹಸಿದ ಮಕ್ಕಳನ್ನು ಬೇರೆ ಊರುಗಳಲ್ಲಿರುವ ಬೆಂಬಲಿಗರ ಮನೆಗಳಿಗೆ ಕಳುಹಿಸಲು ಹೊರಟಾಗ, ಫೆಬ್ರವರಿ 24ರಂದು, ರೈಲು ನಿಲ್ದಾಣದಲ್ಲಿ ಪೊಲೀಸರು ತಾಯಂದಿರ ಮೇಲೆ ಮುಗಿಬಿದ್ದರು. ದೇಶ ಬೆಚ್ಚಿಬಿತ್ತು. ಸಂಸತ್ತಿನ ಸಮಿತಿಯ ಮುಂದೆ ಕಮೆಲಾ ತಿಯೋಲಿ ಎಂಬ ಹದಿನಾಲ್ಕರ ಹುಡುಗಿ, ಯಂತ್ರಕ್ಕೆ ಕೂದಲು ಸಿಕ್ಕಿ ತನ್ನ ನೆತ್ತಿಯ ಚರ್ಮ ಕಿತ್ತುಬಂದುದನ್ನು ವಿವರಿಸಿದಾಗ ಅಧ್ಯಕ್ಷರ ಪತ್ನಿಯೂ ಕೇಳುಗರ ನಡುವೆ ಇದ್ದರು. ಮಾರ್ಚ್‌ನಲ್ಲಿ ಮಾಲಕರು ಕೂಲಿ ಹೆಚ್ಚಿಸಿದರು. ಆ ಹೆಚ್ಚಳದ ಅಲೆಯು ಇಡೀ ನ್ಯೂ ಇಂಗ್ಲೆಂಡ್ ಪ್ರದೇಶದ ಗಿರಣಿಗಳಿಗೆ ಹಬ್ಬಿತು. ಅಂದರೆ ವಲಸಿಗರ ಹೋರಾಟದ ಫಲವನ್ನು ಹುಟ್ಟು ಅಮೇರಿಕನ್ನರೂ ಉಂಡರು. ವಲಸಿಗರಿಂದ ಕೂಲಿ ಇಳಿಯುತ್ತದೆ ಎನ್ನುವವರು ಲಾರೆನ್ಸ್‌ಗೆ ಏನು ಉತ್ತರ ಕೊಡುತ್ತಾರೆ?

ಉತ್ತರವನ್ನು ಸರಕಾರವೇ ಕೊಟ್ಟಿತು, ಗಡೀಪಾರಿನ ರೂಪದಲ್ಲಿ. 1919ರ ಡಿಸೆಂಬರ್ 21ರಂದು ಬುಫರ್ಡ್ ಎಂಬ ಹಡಗಿನಲ್ಲಿ 249 ಮಂದಿಯನ್ನು ತುಂಬಿಸಿ ಅಮೇರಿಕದಿಂದ ಹೊರದಬ್ಬಲಾಯಿತು. ಮರುತಿಂಗಳು ಅಟಾರ್ನಿ ಜನರಲ್ ಪಾಮರ್‌ನ ಆಜ್ಞೆಯಂತೆ ನಡೆದ ದಾಳಿಗಳಲ್ಲಿ ಸಾವಿರಾರು ಮಂದಿ ಬಂಧಿತರಾದರು. ಕಾರ್ಮಿಕ ಇಲಾಖೆಯ ಅಧಿಕಾರಿ ಲೂಯಿ ಪೋಸ್ಟ್ ಕಡತಗಳನ್ನು ತೆರೆದು ನೋಡಿ, ಬಹುತೇಕ ಪ್ರಕರಣಗಳಲ್ಲಿ ಪುರಾವೆಯೇ ಇಲ್ಲವೆಂದು ಆದೇಶ ರದ್ದುಪಡಿಸಿದಾಗ ಸಂಸತ್ತು ಅವರ ಮೇಲೆಯೇ ವಿಚಾರಣೆ ನಡೆಸಿತು. ಬಂದರು ಕಾರ್ಮಿಕರ ನಾಯಕ, ಆಸ್ಟ್ರೇಲಿಯದಲ್ಲಿ ಹುಟ್ಟಿದ ಹ್ಯಾರಿ ಬ್ರಿಜಸ್‌ನ ಪ್ರಕರಣವಂತೂ ವಿಚಿತ್ರ. 1934ರ ಸ್ಯಾನ್ ಫ್ರಾನ್ಸಿಸ್ಕೊ ಮುಷ್ಕರವನ್ನು ಮುನ್ನಡೆಸಿದ ತಪ್ಪಿಗೆ ಆತನನ್ನು ದೇಶದಿಂದ ಓಡಿಸಲು ಸುಮಾರು ಎರಡು ದಶಕಗಳ ಕಾಲ ಒಂದರ ಮೇಲೊಂದು ಮೊಕದ್ದಮೆ ಹೂಡಲಾಯಿತು. 1945ರಲ್ಲಿ ಸುಪ್ರೀಂ ಕೋರ್ಟು ಗಡೀಪಾರು ಆದೇಶವನ್ನು ತಳ್ಳಿಹಾಕಿತು. ಆಮೇಲೂ ಬೆನ್ನು ಬಿಡಲಿಲ್ಲ. ಮುಷ್ಕರ ಮಾಡುವುದು ಅಪರಾಧವಲ್ಲದ ದೇಶದಲ್ಲಿ ಮುಷ್ಕರಗಾರನ ಹುಟ್ಟೂರು ಅಪರಾಧವಾಯಿತು.

ಮಾಲಕರೂ ಸರಕಾರವೂ ಹೀಗೆ ಮಾಡಿದ್ದರಲ್ಲಿ ಆಶ್ಚರ್ಯವೇನಿಲ್ಲ. ಅದು ಅವರ ಲಾಭದ ಲೆಕ್ಕಾಚಾರ. ನಮ್ಮ ಆಕ್ಷೇಪ ಹೆಚ್ಚಾಗಿ ಕಾರ್ಮಿಕ ಸಂಘಗಳ ಮೇಲಿದೆ. ಅಮೇರಿಕನ್ ಫೆಡರೇಶನ್ ಆಫ್ ಲೇಬರನ್ನು ದಶಕಗಳ ಕಾಲ ಆಳಿದ ಸ್ಯಾಮ್ಯುವೆಲ್ ಗೋಂಪರ್ಸ್ ಲಂಡನಿನಲ್ಲಿ ಹುಟ್ಟಿ ಹುಡುಗನಾಗಿದ್ದಾಗ ವಲಸೆ ಬಂದ ಚುಟ್ಟಾ ಕಟ್ಟುವ ಕಾರ್ಮಿಕ. ಅಂಥವನ ನಾಯಕತ್ವದಲ್ಲಿ ಒಕ್ಕೂಟವು ಚೀನೀಯರನ್ನು ದೇಶದೊಳಗೆ ಬಿಡಕೂಡದೆಂದು ಪ್ರಚಾರ ಪುಸ್ತಿಕೆ ಹೊರಡಿಸಿತು. ಮಾಂಸ ತಿನ್ನುವ ಗಂಡಸುತನಕ್ಕೂ ಅನ್ನ ತಿನ್ನುವ ಏಶ್ಯನ್ನನಿಗೂ ನಡುವಿನ ಹೋರಾಟವಿದು ಎಂಬುದು ಅದರ ಶೀರ್ಷಿಕೆಯ ಸಾರ. ಮೂರು ಹೊತ್ತು ಅನ್ನ ಉಣ್ಣುವ ನಾವು ಇದನ್ನೋದಿ ನಗಬಹುದು. ಆದರೆ ಅದರ ಪರಿಣಾಮ ನಗುವಂಥದ್ದಾಗಿರಲಿಲ್ಲ. 1907ರ ಸೆಪ್ಟೆಂಬರ್‌ನಲ್ಲಿ ವಾಶಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಬಿಳಿಯ ಕಾರ್ಮಿಕರ ಗುಂಪೊಂದು ಮರದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಭಾರತೀಯರನ್ನು ಬಡಿದು, ಅವರ ಬಿಡಾರಗಳಿಗೆ ನುಗ್ಗಿ, ಊರಿನಿಂದಲೇ ಓಡಿಸಿತು. ಅವರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ಖರು. ಅಲ್ಲಿಯವರ ಕಣ್ಣಿಗೆ ಭಾರತದಿಂದ ಬಂದ ಸಿಖ್ಖನೂ ಮುಸ್ಲಿಮನೂ 'ಹಿಂದೂ' ಆಗಿದ್ದ. ದ್ವೇಷಿಸುವವನಿಗೆ ದ್ವೇಷಕ್ಕೊಳಗಾದವನ ಧರ್ಮ ವಿಚಾರಿಸುವಷ್ಟೂ ವ್ಯವಧಾನವಿರುವುದಿಲ್ಲ.

ಇದೇ ಗೋಂಪರ್ಸ್‌ಗೆ ತಕ್ಕ ಉತ್ತರ ಸಿಕ್ಕಿದ್ದು ಕ್ಯಾಲಿಫೋರ್ನಿಯದ ಆಕ್ಸ್‌ನಾರ್ಡ್‌ನಿಂದ. 1903ರಲ್ಲಿ ಅಲ್ಲಿನ ಬೀಟ್ ಸಕ್ಕರೆ ಹೊಲಗಳಲ್ಲಿ ಜಪಾನೀಯರೂ ಮೆಕ್ಸಿಕನ್ನರೂ ಜೊತೆಯಾಗಿ ಒಂದೇ ಸಂಘ ಕಟ್ಟಿ ಮುಷ್ಕರ ಹೂಡಿ ಗೆದ್ದರು. ಸಂಘದ ಮೆಕ್ಸಿಕನ್ ಕಾರ್ಯದರ್ಶಿ ಲಿಸರ್ರಾಸ್ ಒಕ್ಕೂಟದ ಮಾನ್ಯತೆಗಾಗಿ ಅರ್ಜಿ ಸಲ್ಲಿಸಿದಾಗ ಗೋಂಪರ್ಸ್ ಒಪ್ಪಿದ. ಷರತ್ತು ಒಂದೇ: ಚೀನೀಯರನ್ನೂ ಜಪಾನೀಯರನ್ನೂ ಸೇರಿಸಿಕೊಳ್ಳಬಾರದು. ತಮ್ಮೊಂದಿಗೆ ಹಸಿದವರನ್ನು, ತಮ್ಮೊಂದಿಗೆ ಗೆದ್ದವರನ್ನು ಬಿಟ್ಟುಬರುವ ಮಾನ್ಯತೆ ತಮಗೆ ಬೇಡವೆಂದು ಮೆಕ್ಸಿಕನ್ನರು ಅದನ್ನು ತಿರಸ್ಕರಿಸಿದರು. ಮಾನ್ಯತೆಯಿಲ್ಲದ ಆ ಸಂಘ ಹೆಚ್ಚು ಕಾಲ ಬಾಳಲಿಲ್ಲ. ಕ್ಯಾಲಿಫೋರ್ನಿಯದ ಕೃಷಿ ಕಾರ್ಮಿಕರು ಗಟ್ಟಿಯಾದೊಂದು ಸಂಘಕ್ಕಾಗಿ ಇನ್ನೂ ಅರುವತ್ತು ವರ್ಷ ಕಾಯಬೇಕಾಯಿತು. ಈ ಅರುವತ್ತು ವರ್ಷಗಳ ನಷ್ಟವನ್ನು ಯಾರ ಲೆಕ್ಕಕ್ಕೆ ಬರೆಯಬೇಕು?

1935ರಲ್ಲಿ ಸಂಘ ಕಟ್ಟುವ ಹಕ್ಕಿಗೆ ಕಾನೂನಿನ ರಕ್ಷಣೆ ಬಂದಾಗಲೂ ಕೃಷಿ ಕಾರ್ಮಿಕರನ್ನು ಅದರಿಂದ ಹೊರಗಿಡಲಾಯಿತು. ದ್ರಾಕ್ಷಿ ತೋಟಗಳಲ್ಲಿ ಒಂದು ಜನಾಂಗದವರು ಮುಷ್ಕರ ಹೂಡಿದರೆ ಇನ್ನೊಂದು ಜನಾಂಗದವರನ್ನು ತಂದು ನಿಲ್ಲಿಸುವುದು ಮಾಲಕರ ಹಳೆಯ ಉಪಾಯ. 1965ರ ಸೆಪ್ಟೆಂಬರ್ 8ರಂದು ಡೆಲಾನೊದಲ್ಲಿ ಈ ಉಪಾಯ ಕೈಕೊಟ್ಟಿತು. ಅಂದು ಮುಷ್ಕರ ಆರಂಭಿಸಿದವರು ಫಿಲಿಪ್ಪೀನ್ಸ್ ಮೂಲದವರು, ನಾಯಕ ಲ್ಯಾರಿ ಇಟ್ಲಿಯಾಂಗ್. 1929ರಲ್ಲಿ ಹದಿಹರೆಯದಲ್ಲಿ ಬಂದು, ಮೂರು ಬೆರಳು ಕಳೆದುಕೊಂಡು, ತೋಟದಿಂದ ತೋಟಕ್ಕೆ ಅಲೆದ ಮನುಷ್ಯ. ಆತನ ತಲೆಮಾರಿನ ಎಷ್ಟೋ ಮಂದಿ ಮುದುಕರಾಗುವವರೆಗೂ ಒಂಟಿಯಾಗಿಯೇ ಉಳಿದಿದ್ದರು. ಬಿಳಿಯರನ್ನು ಮದುವೆಯಾಗುವುದನ್ನು ಕ್ಯಾಲಿಫೋರ್ನಿಯದ ಕಾನೂನು 1948ರವರೆಗೆ ನಿಷೇಧಿಸಿತ್ತು. ಊರಿನಿಂದ ಹೆಣ್ಣುಗಳು ಬಂದದ್ದೋ ಬೆರಳೆಣಿಕೆಯಷ್ಟು. ಕುಟುಂಬವೇ ಇಲ್ಲದ ಆ ಮುದುಕರು ಶಿಬಿರಗಳಲ್ಲಿ ನೀರು, ವಿದ್ಯುತ್ತು ಕಡಿತಗೊಂಡರೂ ಕದಲಲಿಲ್ಲ. ಎಂಟು ದಿನಗಳ ಬಳಿಕ ಸೀಸರ್ ಚಾವೆಸ್‌ನ ಮೆಕ್ಸಿಕನ್ ಮೂಲದ ಕಾರ್ಮಿಕರು ಅವರನ್ನು ಸೇರಿಕೊಂಡರು. 1970ರ ಜುಲೈಯಲ್ಲಿ ಮಾಲಕರು ಒಪ್ಪಂದಕ್ಕೆ ಸಹಿ ಹಾಕಿದರು. ಚಾವೆಸ್‌ನ ಹೆಸರು ಲೋಕವಿಖ್ಯಾತವಾಯಿತು. ಮೊದಲು ಹೊರನಡೆದ ಇಟ್ಲಿಯಾಂಗ್‌ಗೆ ಕ್ಯಾಲಿಫೋರ್ನಿಯ ಒಂದು ದಿನವನ್ನು ಮೀಸಲಿಟ್ಟದ್ದು 2015ರಲ್ಲಿ, ಆತ ಸತ್ತು ಸುಮಾರು ನಾಲ್ಕು ದಶಕಗಳ ಬಳಿಕ.

ಇಷ್ಟೂ ತಿಳಿದವರಿಗೂ ನಾಗಿ ದೈಫುಲ್ಲಾ ಯಾರೆಂದು ತಿಳಿದಿರುವುದಿಲ್ಲ. ಯಮನ್‌ನಿಂದ ಕ್ಯಾಲಿಫೋರ್ನಿಯದ ದ್ರಾಕ್ಷಿ ತೋಟಗಳಿಗೆ ಬಂದಿದ್ದ ಮುಸ್ಲಿಮ್ ಯುವಕ. ಊರಿಗೆ ಹಣ ಕಳುಹಿಸಲೆಂದು ಬಂದ ಸಾವಿರಾರು ಯಮನಿ ಗಂಡಸರು ಆ ಕಣಿವೆಯ ಶಿಬಿರಗಳಲ್ಲಿದ್ದರು. ಗಲ್ಫಿಗೆ ಮಗನನ್ನು ಕಳುಹಿಸಿ ಫೋನಿಗೆ ಕಾಯುವ ಮನೆಗಳಿಗೆ ಆ ಬದುಕನ್ನು ವರ್ಣಿಸಬೇಕಾಗಿಲ್ಲ. 1973ರಲ್ಲಿ ಒಪ್ಪಂದಗಳ ಅವಧಿ ಮುಗಿದಾಗ ಮಾಲಕರು ಕಾರ್ಮಿಕರ ಸಂಘವನ್ನು ಬದಿಗೆ ತಳ್ಳಿ ಟೀಮ್‌ಸ್ಟರ್ಸ್ ಎಂಬ ಬೇರೊಂದು ಸಂಘದೊಂದಿಗೆ ಕೈಜೋಡಿಸಿದರು. ಮತ್ತೆ ಮುಷ್ಕರ. ಸಾವಿರಾರು ಬಂಧನ. ಅರಬಿ ಮಾತಾಡುವವರನ್ನೂ ಸ್ಪ್ಯಾನಿಶ್ ಮಾತಾಡುವವರನ್ನೂ ಬೆಸೆಯುವ ಕೆಲಸದಲ್ಲಿ ನಾಗಿ ಮುಂದಿದ್ದ. ಆಗಸ್ಟ್ ನಡುವಿನ ಒಂದು ರಾತ್ರಿ ಲಾಮಾಂಟ್ ಎಂಬ ಊರಿನಲ್ಲಿ ಶೆರಿಫ್‌ನ ಸಿಬ್ಬಂದಿಯೊಬ್ಬ ಲೋಹದ ದೊಡ್ಡ ಟಾರ್ಚಿನಿಂದ ಆತನ ತಲೆಗೆ ಬಡಿದ. ನಾಗಿ ಮತ್ತೆ ಏಳಲಿಲ್ಲ. ವಯಸ್ಸು 24. ಹೊಡೆದವನ ಮೇಲೆ ಮೊಕದ್ದಮೆಯೇ ನಡೆಯಲಿಲ್ಲ. ಸಾವಿರಾರು ಕಾರ್ಮಿಕರು ಮೌನವಾಗಿ ಮಯ್ಯಿತ್‌ನ ಹಿಂದೆ ನಡೆದರು. ಅವರಲ್ಲಿ ಹೆಚ್ಚಿನವರು ಮೆಕ್ಸಿಕನ್ ಕ್ರೈಸ್ತರು. ಬಳಿಕ ಅದನ್ನು ಯಮನ್‌ಗೆ ಕಳುಹಿಸಿಕೊಡಲಾಯಿತು. ನಾಗಿಯ ಸಾವಿನ ಬೆನ್ನಿಗೇ ಪಿಕೆಟ್ ಸಾಲಿನಲ್ಲಿದ್ದ ಹುವಾನ್ ದೆ ಲಾ ಕ್ರೂಸ್ ಎಂಬ ವೃದ್ಧ ಕಾರ್ಮಿಕನನ್ನು ಗುಂಡಿಕ್ಕಿ ಕೊಲ್ಲಲಾಯಿತು. ಇಬ್ಬರೂ ಸೇರಿದ್ದು ಒಂದೇ ಸಂಘಕ್ಕೆ.

ಆ ಸಂಘವೂ ಮರುವರ್ಷವೇ ಹಳೆಯ ರೋಗಕ್ಕೆ ಬಲಿಯಾಯಿತೆಂಬುದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. 1974ರಲ್ಲಿ ಚಾವೆಸ್‌ನ ಸಂಘವು ಕಾಗದಪತ್ರವಿಲ್ಲದ ವಲಸೆ ಕಾರ್ಮಿಕರ ವಿರುದ್ಧ ಅಭಿಯಾನ ಹೂಡಿತು. ಅವರನ್ನು ಹಿಡಿದು ಸರಕಾರಕ್ಕೆ ಒಪ್ಪಿಸಲು ಕಾರ್ಯಕರ್ತರನ್ನೇ ಹಚ್ಚಿತು. ಮುಷ್ಕರ ಮುರಿಯಲು ಮಾಲಕರು ಅವರನ್ನು ಬಳಸುತ್ತಿದ್ದುದು ನಿಜ. ಆದರೆ ಅದೇ ಕಾರಣಕ್ಕೆ ಅವರನ್ನು ಸಂಘದೊಳಗೆ ತರಬೇಕಿತ್ತು. 1977ರಲ್ಲಿ ಚಾವೆಸ್ ಫಿಲಿಪ್ಪೀನ್ಸ್‌ನ ಸರ್ವಾಧಿಕಾರಿ ಮಾರ್ಕೋಸ್‌ನ ಆಹ್ವಾನದಂತೆ ಅಲ್ಲಿಗೆ ಹೋಗಿ ಬಂದಾಗ, ಸಂಘದ ಫಿಲಿಪ್ಪಿನೊ ಉಪಾಧ್ಯಕ್ಷ ಫಿಲಿಪ್ ವೆರಾ ಕ್ರೂಸ್ ಪ್ರತಿಭಟಿಸಿ ಹೊರನಡೆದರು. ಸಂಘ ನಮ್ಮದು ಎಂಬ ಕಾರಣಕ್ಕೆ ಬಾಯಿ ಮುಚ್ಚಿಕೊಳ್ಳದ ಇಂಥವರು ಯಾವ ಚಳವಳಿಗೂ ಬೇಕು.

1973ರಲ್ಲೇ ಡೆಟ್ರಾಯ್ಟ್‌ನ ಕಾರು ಕಾರ್ಖಾನೆಗಳಲ್ಲಿ ಅರಬ್ ಕಾರ್ಮಿಕರೂ ತಮ್ಮ ಸಂಘಕ್ಕೆ ಇಂಥದೇ ಪ್ರಶ್ನೆ ಹಾಕಿದ್ದರು. ತಾವು ತೆರುವ ಸದಸ್ಯತ್ವದ ಹಣದಿಂದ ತಮ್ಮನ್ನು ಕೇಳದೆಯೇ ಇಸ್ರೇಲಿನ ಸಾಲಪತ್ರಗಳನ್ನು ಕೊಂಡದ್ದೇಕೆ? ನವೆಂಬರ್ 28ರಂದು ವಾಹನ ಕಾರ್ಮಿಕರ ಸಂಘದ ಅಧ್ಯಕ್ಷ ಲಿಯೊನಾರ್ಡ್ ವುಡ್‌ಕಾಕ್ ಯಹೂದಿ ಸಂಸ್ಥೆಯೊಂದರಿಂದ ಪ್ರಶಸ್ತಿ ಪಡೆಯಲಿದ್ದ ದಿನ, ಡಾಜ್ ಕಾರ್ಖಾನೆಯ ಅರಬ್ ಕಾರ್ಮಿಕರು ಕೆಲಸ ನಿಲ್ಲಿಸಿ ಹೊರಬಂದರು. ಅವರು ಸಂಘವನ್ನು ಒಡೆಯಲಿಲ್ಲ, ಬಿಟ್ಟೂ ಹೋಗಲಿಲ್ಲ. ಸದಸ್ಯರಾಗಿಯೇ ಲೆಕ್ಕ ಕೇಳಿದರು.

ಅಮೇರಿಕದ ಕಾರ್ಮಿಕ ಒಕ್ಕೂಟವು ಕಾಗದಪತ್ರವಿಲ್ಲದ ವಲಸಿಗರಿಗೆ ಕಾನೂನಿನ ಮಾನ್ಯತೆ ನೀಡಬೇಕೆಂದು ಅಧಿಕೃತವಾಗಿ ನಿರ್ಣಯಿಸಿದ್ದು 2000ದ ಫೆಬ್ರವರಿಯಲ್ಲಿ. ಗೋಂಪರ್ಸ್ ಆಕ್ಸ್‌ನಾರ್ಡ್‌ಗೆ ಷರತ್ತು ವಿಧಿಸಿ ಆಗ ತೊಂಬತ್ತೇಳು ವರ್ಷಗಳಾಗಿದ್ದವು. 2025ರ ಮಾರ್ಚ್‌ನಲ್ಲಿ ಎಲ್ ಸಾಲ್ವಡೋರ್ ಮೂಲದ ಒಬ್ಬ ತರಬೇತಿ ಕಾರ್ಮಿಕನನ್ನು, ನ್ಯಾಯಾಲಯದ ತಡೆಯಿದ್ದರೂ, ಅಮೇರಿಕ ಸರಕಾರವು ಅದೇ ದೇಶದ ಜೈಲಿಗೆ ರವಾನಿಸಿತು. ತಪ್ಪಾಗಿದೆಯೆಂದು ಸರಕಾರದ ವಕೀಲರೇ ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಆತ ಲೋಹದ ತಗಡಿನ ಕೆಲಸಗಾರರ ಸಂಘದ ಸದಸ್ಯ. ನಮ್ಮ ಸಹೋದರನನ್ನು ಮರಳಿ ಕರೆತನ್ನಿ ಎಂದು ಆತನ ಸಂಘವೂ ಕಟ್ಟಡ ಕಾರ್ಮಿಕರ ಒಕ್ಕೂಟವೂ ಬಹಿರಂಗವಾಗಿ ಒತ್ತಾಯಿಸಿದವು. ಜೂನ್‌ನಲ್ಲಿ ಆತನನ್ನು ಅಮೇರಿಕಕ್ಕೆ ಮರಳಿ ಕರೆತರಲಾಯಿತು, ಬೇರೊಂದು ಮೊಕದ್ದಮೆ ಎದುರಿಸುವುದಕ್ಕಾಗಿ.